ಬೆಂಗಳೂರಿಗೆ ಓದಲು ಬರುವವರಿಗೆ ಬಾಡಿಗೆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಬೆಂಗಳೂರಿಗೆ ಓದಲು ಬರುವ ಹುಡುಗ ಹುಡುಗಿಯರಿಗಾಗಿ, ಅವರನ್ನು ಬಸ್ ಹತ್ತಿಸಿ ಫೋನ್ ಹಿಡಿದು ಕೂತಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆದಿದ್ದೇನೆ. ಅಡ್ಮಿಷನ್ ಸಮಯದಲ್ಲಿ ನಮ್ಮ ಜೂನಿಯರ್‌ಗಳು ಕೇಳುವ ಪ್ರಶ್ನೆಗಳೇ ಇಲ್ಲಿವೆ. ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಅಡ್ವಾನ್ಸ್ ವಾಪಸ್ ಬರುತ್ತಾ ಅಂತ ಕೇಳುವವರು ಕಡಿಮೆ. ಎಷ್ಟೋ ಮನೆಗಳಲ್ಲಿ ಆ ಅಡ್ವಾನ್ಸ್ ಸಾಲ ಮಾಡಿ, ಒಡವೆ ಅಡ ಇಟ್ಟು ತಂದ ದುಡ್ಡು. ಅದಕ್ಕೇ ಇಲ್ಲಿ ಅದರ ಮಾತು ಜಾಸ್ತಿ.

ಊರಿನಲ್ಲಿದ್ದುಕೊಂಡೇ ಆನ್‌ಲೈನ್‌ನಲ್ಲಿ ಮನೆ ನೋಡಿ ದುಡ್ಡು ಕಟ್ಟಬಹುದಾ?

ದಯವಿಟ್ಟು ಬೇಡ. ಫೋಟೋ ನೋಡಿ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಈ ವಿಷಯದಲ್ಲಿ ಪದೇ ಪದೇ ನಡೆಯುವ ಮೋಸ ಒಂದಿದೆ. ಒಳ್ಳೆ ಏರಿಯಾ, ಚೆಂದದ ಮನೆ, ನಂಬಲಾಗದಷ್ಟು ಕಡಿಮೆ ಬಾಡಿಗೆ. ಫೋನ್ ಮಾಡಿದರೆ ತಾವು ಸೇನೆಯಲ್ಲಿದ್ದೇವೆ, ಬೇರೆ ಕಡೆ ಪೋಸ್ಟಿಂಗ್ ಆಗಿದೆ ಅನ್ನುತ್ತಾರೆ. ಸಮವಸ್ತ್ರದ ಫೋಟೋ, ಐಡಿ ಕಾರ್ಡ್ ಎಲ್ಲ ಕಳಿಸುತ್ತಾರೆ. ಮನೆ ನೋಡಲು ಗೇಟ್ ಪಾಸ್ ಮಾಡಿಸಬೇಕು, ಸ್ವಲ್ಪ ದುಡ್ಡು ಹಾಕಿ, ಆಮೇಲೆ ವಾಪಸ್ ಕೊಡುತ್ತೇವೆ ಅನ್ನುತ್ತಾರೆ. ಆ ದುಡ್ಡು ವಾಪಸ್ ಬರುವುದಿಲ್ಲ. ಇನ್ನು ಕೆಲವರು ‘ನಿಮಗೇ ದುಡ್ಡು ಹಾಕುತ್ತೇವೆ’ ಅಂತ ಕ್ಯೂಆರ್ ಕೋಡ್ ಕಳಿಸುತ್ತಾರೆ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ನಿಮ್ಮ ಖಾತೆಯಿಂದ ಹೋಗುತ್ತಿದೆ ಅಂತಲೇ ಅರ್ಥ.

ಕಳೆದುಕೊಂಡಿದ್ದರೆ ನಾಚಿಕೆಯಿಂದ ಸುಮ್ಮನೆ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಜಾಸ್ತಿ.

ಹಾಸ್ಟೆಲ್, ಪಿಜಿ (ತಿಂಗಳ ದುಡ್ಡಿಗೆ ಊಟ, ವಸತಿ ಕೊಡುವ ಕಡೆ), ಬಾಡಿಗೆ ಮನೆ. ಇವುಗಳಲ್ಲಿ ಯಾವುದು ಒಳ್ಳೆಯದು?

ಹಾಸ್ಟೆಲ್ ಸಿಕ್ಕರೆ ಮೊದಲು ಅದನ್ನೇ ಹಿಡಿಯಿರಿ. ಕಾಲೇಜಿನ ಹಾಸ್ಟೆಲ್ ಒಂದೇ ಅಂತ ಅಂದುಕೊಳ್ಳಬೇಡಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ, ಎಲ್ಲದರದ್ದೂ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಅರ್ಜಿಯನ್ನು ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ ಊರಿನಲ್ಲೇ ಮಾಡಿಸಿಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ನಾಡಕಚೇರಿಗೆ ಓಡಾಡುವುದು ಕಷ್ಟ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ಊಟ ಮತ್ತು ವಸತಿ ಖರ್ಚಿಗೆ ನೆರವಾಗುವ ‘ವಿದ್ಯಾಸಿರಿ’ ಯೋಜನೆ ಇದೆ, ಅದಕ್ಕೂ ಅರ್ಜಿ ಹಾಕಿ. ಬೇರೆ ಬೇರೆ ಸಮುದಾಯಗಳ ಸಂಘಗಳು, ಮಠಗಳು ನಡೆಸುವ ವಿದ್ಯಾರ್ಥಿನಿಲಯಗಳೂ ನಗರದಲ್ಲಿ ಸಾಕಷ್ಟಿವೆ. ಊರಿನ ಹಿರಿಯರನ್ನು ಒಮ್ಮೆ ವಿಚಾರಿಸಿ.

ಹಾಸ್ಟೆಲ್ ಇಲ್ಲದಿದ್ದರೆ ನನ್ನ ಸಲಹೆ ಇದು. ಮೊದಲ ಒಂದೆರಡು ತಿಂಗಳು ಕಾಲೇಜಿಗೆ ಹತ್ತಿರದ ಪಿಜಿಯಲ್ಲಿರಿ. ಅಷ್ಟರಲ್ಲಿ ಊರು ಗೊತ್ತಾಗುತ್ತೆ, ಕ್ಲಾಸಿನಲ್ಲಿ ಯಾರ ಜೊತೆ ಹೊಂದಿಕೆಯಾಗುತ್ತೆ ಅನ್ನುವುದೂ ಗೊತ್ತಾಗುತ್ತೆ. ಆಮೇಲೆ ಮೂರು ನಾಲ್ಕು ಜನ ಸೇರಿ ಮನೆ ಮಾಡಿ. ಬಂದ ವಾರವೇ ಅಪರಿಚಿತರ ಜೊತೆ ಸೇರಿ ದೊಡ್ಡ ಅಡ್ವಾನ್ಸ್ ಕಟ್ಟುವುದು ಯಾರಿಗೂ ಬೇಡ.

ಯಾವ ಏರಿಯಾದಲ್ಲಿ ಹುಡುಕಬೇಕು?

ನಿಮ್ಮ ಕ್ಯಾಂಪಸ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ‘ಬೆಂಗಳೂರಿನಲ್ಲಿ ಓದುತ್ತೇನೆ’ ಅಂದರೆ ಸಾಲದು. ಯಲಹಂಕದಿಂದ ಕೆಂಗೇರಿಗೆ ದಿನಾ ಓಡಾಡಿ ಓದುವುದು ಆಗದ ಮಾತು.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್‌ಗೆ ಸೇರಿದ್ದರೆ ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿ ಉಪನಗರ, ರಾಜರಾಜೇಶ್ವರಿ ನಗರ ನೋಡಿ. ಅಲ್ಲಿ ಒಂದು ವಿಷಯ ಗಮನಿಸಬೇಕು. ಆ ಕ್ಯಾಂಪಸ್ ಸಾವಿರ ಎಕರೆಗೂ ದೊಡ್ಡದು. ಮೈಸೂರು ರಸ್ತೆಯಲ್ಲಿ ಜ್ಞಾನಭಾರತಿ ಮೆಟ್ರೊ ನಿಲ್ದಾಣವೇನೋ ಇದೆ, ಆದರೆ ಅಲ್ಲಿಂದ ನಿಮ್ಮ ವಿಭಾಗಕ್ಕೆ ಎಷ್ಟು ನಡೆಯಬೇಕು ಅನ್ನುವುದನ್ನು ಒಮ್ಮೆ ನಡೆದೇ ನೋಡಿ. ಕೆಲವು ವಿಭಾಗಗಳಿಗೆ ನಾಗರಭಾವಿ ಕಡೆಯಿಂದ ಹೋಗುವುದೇ ಹತ್ತಿರ.

ಬೆಂಗಳೂರು ನಗರ ವಿಶ್ವವಿದ್ಯಾಲಯ, ನೃಪತುಂಗ ವಿಶ್ವವಿದ್ಯಾಲಯ, ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯ ಮತ್ತು ಯುವಿಸಿಇ ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಸೆಂಟ್ರಲ್ ಕಾಲೇಜು, ಕೆ.ಆರ್. ವೃತ್ತದ ಆಸುಪಾಸಿನಲ್ಲಿವೆ. ಅಲ್ಲೇ ಮನೆ ಹುಡುಕಿದರೆ ಕೈ ಸುಡುತ್ತದೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಡೆಗೆ ಹೋಗುವ ನೇರಳೆ ಮಾರ್ಗದ ಮೆಟ್ರೊದಲ್ಲಿ ಸೆಂಟ್ರಲ್ ಕಾಲೇಜು ನಿಲ್ದಾಣ ಇದೆ. ಹಾಗಾಗಿ ವಿಜಯನಗರ, ಅತ್ತಿಗುಪ್ಪೆ, ನಾಯಂಡಹಳ್ಳಿ, ಕೆಂಗೇರಿ ಎಲ್ಲಿದ್ದರೂ ಒಂದೇ ರೈಲಿನಲ್ಲಿ ಬರಬಹುದು.

ಬಸವನಗುಡಿ ಕಡೆ ಕಾಲೇಜಾದರೆ ಹನುಮಂತನಗರ, ಶ್ರೀನಗರ, ಗಿರಿನಗರ. ಹಳೆ ಕಾಲದ ಮನೆಗಳ ಮೇಲೆ ಕಟ್ಟಿದ ಚಿಕ್ಕ ರೂಮುಗಳು ಅಲ್ಲಿ ಸಿಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆ, ರಾಮಯ್ಯ ಕಡೆಯವರು ಮತ್ತಿಕೆರೆ, ಗೋಕುಲ, ಯಶವಂತಪುರ ನೋಡಿ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್‌ಗೆ ಸಹಕಾರನಗರ, ಕೊಡಿಗೇಹಳ್ಳಿ, ಯಲಹಂಕ. ಹೊಸೂರು ರಸ್ತೆಯ ಕ್ರೈಸ್ಟ್‌ ಕಡೆಗೆ ಎಸ್.ಜಿ. ಪಾಳ್ಯ, ತಾವರೆಕೆರೆ, ಬಿಟಿಎಂ. ಅಲ್ಲಿ ಪಿಜಿಗಳು ಒತ್ತೊತ್ತಾಗಿವೆ, ಆರಿಸಿಕೊಳ್ಳುವ ಅವಕಾಶ ಇದೆ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ ಉಚಿತ. ನೇರ ಬಸ್ ಇದ್ದರೆ ಸ್ವಲ್ಪ ದೂರ ಹೋಗಿ ಕಡಿಮೆ ಬಾಡಿಗೆಗೆ ಒಳ್ಳೆ ಮನೆ ಹಿಡಿಯಬಹುದು. ಎ.ಸಿ. ಬಸ್‌ಗೆ ಟಿಕೆಟ್ ಕೊಳ್ಳಲೇಬೇಕು. ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಿ.

ಮನೆ ಹುಡುಕುವುದು ಹೇಗೆ? ಬ್ರೋಕರ್ ಬೇಕಾ?

ಕಾಲ್ನಡಿಗೆಗಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಏರಿಯಾದ ಒಳಗಿನ ಕ್ರಾಸ್‌ಗಳಲ್ಲಿ ಸುತ್ತಿ. ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡು, ಕರೆಂಟ್ ಕಂಬಕ್ಕೆ ಅಂಟಿಸಿದ ಚೀಟಿ ನೋಡಿ. ದಿನಸಿ ಅಂಗಡಿ, ಇಸ್ತ್ರಿ ಅಂಗಡಿ, ಹಾಲಿನ ಬೂತ್‌ನಲ್ಲಿ ವಿಚಾರಿಸಿ. ಯಾವ ಮನೆ ಖಾಲಿಯಾಗುತ್ತಿದೆ ಅನ್ನುವುದು ಇಸ್ತ್ರಿಯವರಿಗೆ ಬ್ರೋಕರ್‌ಗಿಂತ ಮೊದಲು ಗೊತ್ತಿರುತ್ತದೆ. ಕನ್ನಡದಲ್ಲಿ ಮಾತಾಡಿ, ನಿಮ್ಮ ಊರು ಹೇಳಿ. ‘ನಮ್ಮ ಕಡೆಯವರೇ’ ಅನ್ನುವ ಓನರ್ ಆಂಟಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ನೋಬ್ರೋಕರ್‌ನಂಥ ಆ್ಯಪ್‌ಗಳನ್ನು ಬಾಡಿಗೆ ಎಷ್ಟಿದೆ ಅಂತ ತಿಳಿಯಲು ಬಳಸಿ. ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕಮಿಷನ್ ಕೇಳುತ್ತಾರೆ. ಮನೆ ತೋರಿಸುವುದಕ್ಕೇ ದುಡ್ಡು ಕೇಳಿದರೆ ಬೇಡ ಅನ್ನಿ. ಅಗ್ರಿಮೆಂಟ್ ಆದ ದಿನ ಕೊಡುವುದು ಸರಿ.

ಇನ್ನೊಂದು ಮಾತು. ಅಡ್ಮಿಷನ್ ನಡೆಯುವ ಹೊತ್ತಿಗೆ ಆಷಾಢ ಬರುತ್ತದೆ. ಆಷಾಢದಲ್ಲಿ ನಮ್ಮ ಜನ ಮನೆ ಬದಲಾಯಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಹಾಗಾಗಿ ಖಾಲಿ ಮನೆಗಳು ಹಾಗೇ ಇರುತ್ತವೆ, ಓನರ್‌ಗೆ ಒಂದು ತಿಂಗಳ ಬಾಡಿಗೆ ನಷ್ಟ. ನಿಮ್ಮ ಮನೆಯಲ್ಲಿ ಒಪ್ಪಿದರೆ ಚೌಕಾಸಿಗೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಶ್ರಾವಣ ಶುರುವಾದರೆ ಎಲ್ಲರೂ ಒಟ್ಟಿಗೆ ಬೀದಿಗಿಳಿಯುತ್ತಾರೆ.

‘ಬ್ಯಾಚುಲರ್‌ಗೆ ಕೊಡಲ್ಲ’ ಅನ್ನುತ್ತಾರೆ. ಏನು ಮಾಡುವುದು?

ಈ ಮಾತು ನೀವು ಕೇಳೇ ಕೇಳುತ್ತೀರಿ. ಹೆಚ್ಚಿನವರಿಗೆ ಇರುವ ಭಯ ಗಲಾಟೆ, ರಾತ್ರಿ ಓಡಾಟ, ಬಾಡಿಗೆ ತಪ್ಪುವುದು. ಮೊದಲ ಭೇಟಿಗೆ ಅಪ್ಪನೋ ಅಮ್ಮನೋ ಜೊತೆಗಿದ್ದರೆ ತುಂಬ ವ್ಯತ್ಯಾಸ ಆಗುತ್ತದೆ. ಬರಲು ಆಗದಿದ್ದರೆ ಫೋನ್‌ನಲ್ಲಿ ಮಾತಾಡಿಸಿ. ಕಾಲೇಜಿನ ಐಡಿ ಕಾರ್ಡ್, ಸ್ಟಡಿ ಸರ್ಟಿಫಿಕೇಟ್, ಆಧಾರ್ ಪ್ರತಿ ಕೈಯಲ್ಲಿರಲಿ. ಆಧಾರ್ ಪ್ರತಿಯ ಮೇಲೆ ‘ಬಾಡಿಗೆ ಮನೆಗಾಗಿ ಮಾತ್ರ’ ಅಂತ ಬರೆದು ತಾರೀಕು ಹಾಕಿ.

ಬಾಡಿಗೆದಾರರ ವಿವರ ಪೊಲೀಸರಿಗೆ ಕೊಡಬೇಕು ಅಂತ ಓನರ್ ಹೇಳಿದರೆ ಹೆದರಬೇಡಿ, ಅದು ಮಾಮೂಲು.

‘ನೀವು ಯಾವ ಜನ?’ ಅಂತ ಕೇಳಿದರೆ?

ಕೇಳುತ್ತಾರೆ. ಕೆಲವರು ನೇರವಾಗಿ, ಕೆಲವರು ‘ನಾನ್‌ವೆಜ್ ತಿಂತೀರಾ’ ಅನ್ನುವಲ್ಲಿಂದ ಶುರುಮಾಡಿ, ಕೆಲವರು ಹೆಸರು ಕೇಳಿಯೇ ಸುಮ್ಮನಾಗಿ. ಓದಲು ಬಂದ ಮಕ್ಕಳಿಗೆ ಜಾತಿ, ಧರ್ಮ ನೋಡಿ ಬಾಗಿಲು ಹಾಕುವುದು ತಪ್ಪು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಾಗಿಲು ಹಾಕಿದ್ದಕ್ಕೆ ನಿಮ್ಮಲ್ಲಿ ಏನೋ ಕೊರತೆ ಇದೆ ಅಂತ ಒಂದು ಕ್ಷಣವೂ ಅಂದುಕೊಳ್ಳಬೇಡಿ.

ಸುಳ್ಳು ಹೇಳಿ ಮನೆ ಹಿಡಿಯುವುದನ್ನು ನಾನು ಸಲಹೆ ಮಾಡುವುದಿಲ್ಲ. ಆಮೇಲೆ ದಿನಾ ಅಡಗಿಕೊಂಡು ಬದುಕಬೇಕಾಗುತ್ತದೆ, ಪರೀಕ್ಷೆಯ ನಡುವೆ ಖಾಲಿ ಮಾಡಿ ಅಂದರೆ ಇನ್ನೂ ಕಷ್ಟ. ಸೀನಿಯರ್‌ಗಳನ್ನು ಕೇಳಿ. ಇದನ್ನೆಲ್ಲ ಕೇಳದ ಓನರ್‌ಗಳು ಯಾರು ಅಂತ ಅವರಿಗೆ ಗೊತ್ತಿರುತ್ತದೆ, ಅಂಥ ಮನೆ ಒಂದು ಬ್ಯಾಚಿನಿಂದ ಇನ್ನೊಂದು ಬ್ಯಾಚಿಗೆ ಹೋಗುತ್ತಿರುತ್ತದೆ. ದಲಿತ, ಆದಿವಾಸಿ ವಿದ್ಯಾರ್ಥಿಗಳನ್ನು ಜಾತಿ ಹೆಸರು ಹಿಡಿದು ನಾಲ್ಕು ಜನರ ಎದುರು ಅವಮಾನ ಮಾಡಿದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯ ಅಡಿ ಅಪರಾಧ. ಒಬ್ಬರೇ ಠಾಣೆಗೆ ಹೋಗಬೇಡಿ, ಗೆಳೆಯರನ್ನೋ ಅಧ್ಯಾಪಕರನ್ನೋ ಕರೆದುಕೊಂಡು ಹೋಗಿ.

ಅಡ್ವಾನ್ಸ್ ಎಷ್ಟು ಕೇಳುತ್ತಾರೆ?

ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅನ್ನುವುದು ಬೆಂಗಳೂರಿನ ಹಳೆ ಪದ್ಧತಿ. ಈಗ ಐದಾರು ತಿಂಗಳಿಗೆ ಒಪ್ಪುವವರು ಬಹಳ ಜನ ಇದ್ದಾರೆ, ಮೂರಕ್ಕೆ ಒಪ್ಪುವವರೂ ಇದ್ದಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳೇ ಮಿತಿ ಅಂತ ಇದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿ ಕಾನೂನು ಮಾಡಿದರೆ ಮಾತ್ರ ಜಾರಿ. ಅದನ್ನು ತೋರಿಸಿ ಓನರ್ ಜೊತೆ ಜಗಳಕ್ಕೆ ಇಳಿಯಬೇಡಿ. ಚೌಕಾಸಿ ಮಾಡಿ.

ಲೆಕ್ಕ ಹೀಗೆ ಹಾಕಿ. ಬಾಡಿಗೆ ₹12,000 ಅಂತ ಇಟ್ಟುಕೊಳ್ಳೋಣ. ಐದು ತಿಂಗಳ ಅಡ್ವಾನ್ಸ್ ₹60,000, ಬ್ರೋಕರ್‌ಗೆ ₹12,000, ಮೊದಲ ತಿಂಗಳ ಬಾಡಿಗೆ ₹12,000. ಕಾಲಿಡುವ ಮೊದಲೇ ₹84,000. ಮೂವರು ಸೇರಿದರೆ ತಲೆಗೆ ₹28,000, ಅದರ ಮೇಲೆ ಹಾಸಿಗೆ, ಬಕೆಟ್, ಪಾತ್ರೆ, ಒಲೆ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿಯ ವಾಡಿಕೆ. ಅಂದರೆ ₹60,000 ಕೊಟ್ಟರೆ ₹48,000 ವಾಪಸ್. ಹನ್ನೊಂದು ತಿಂಗಳು ಮಾತ್ರ ಇದ್ದು ಹೋಗುವವರಿಗೆ ಬ್ರೋಕರ್ ಮತ್ತು ಪೇಂಟಿಂಗ್ ದುಡ್ಡು ಸೇರಿ ತಿಂಗಳಿಗೆ ₹2,000ಕ್ಕಿಂತ ಜಾಸ್ತಿ ಬಿದ್ದ ಹಾಗಾಯಿತು. ಅದೇ ಮನೆಯಲ್ಲಿ ಎರಡು ವರ್ಷ ಇದ್ದರೆ ಈ ಹೊರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅದಕ್ಕೇ ಮನೆ ಪದೇ ಪದೇ ಬದಲಾಯಿಸಬೇಡಿ ಅನ್ನುವುದು.

ಮನೆ ಹಿಡಿದಿಡಲು ‘ಟೋಕನ್’ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ನಾವು ಬರದಿದ್ದರೆ ಇದು ವಾಪಸ್ ಸಿಗುತ್ತಾ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿಸಿಕೊಳ್ಳಿ.

ಲೀಸ್‌ಗೆ ಹಾಕಿಕೊಂಡರೆ ಬಾಡಿಗೆ ಉಳಿಯುತ್ತಲ್ವಾ?

ವಿದ್ಯಾರ್ಥಿಗಳಿಗೆ ಬೇಡ. ಕೆಲವು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಕೊನೆಗೆ ಅಷ್ಟೂ ವಾಪಸ್ ಪಡೆಯುವುದು ಲೀಸ್, ಅಂದರೆ ಭೋಗ್ಯ. ಓನರ್ ಆ ದುಡ್ಡನ್ನು ಬೇರೆಲ್ಲೋ ಹಾಕಿರುತ್ತಾರೆ, ಮುಂದಿನ ಲೀಸ್‌ನವರು ಬಂದರೆ ಮಾತ್ರ ನಿಮಗೆ ಕೊಡಲು ಆಗುತ್ತದೆ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಅದನ್ನು ಕಟ್ಟದೆ ಹೋದರೆ ಗತಿ ಇಲ್ಲ.

ಮನೆ ನೋಡಲು ಹೋದಾಗ ಏನು ಗಮನಿಸಬೇಕು?

ನೀರು. ಮೊದಲು ನೀರು, ಆಮೇಲೆ ಉಳಿದಿದ್ದು.

ಕಾವೇರಿ ನೀರು ಬರುತ್ತಾ, ವಾರದಲ್ಲಿ ಎಷ್ಟು ದಿನ, ಸಂಪ್ ಇದೆಯಾ, ಬೋರ್‌ವೆಲ್ ಇದೆಯಾ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು, ಇಷ್ಟನ್ನೂ ಕೇಳಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗಾಗಿ ಜನ ಪರದಾಡಿದ್ದು ಎಲ್ಲರಿಗೂ ನೆನಪಿದೆ. ಆ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಯೋಜನೆ ಅದು. ಆದರೂ ನಿಮ್ಮ ಬೀದಿಗೆ, ನಿಮ್ಮ ಕಟ್ಟಡಕ್ಕೆ ಸಂಪರ್ಕ ಇದೆಯಾ ಅನ್ನುವುದನ್ನು ಓನರ್ ಬಾಯಿಂದ ಮಾತ್ರ ಕೇಳಬೇಡಿ. ಖಾಲಿ ಮಾಡುತ್ತಿರುವ ಬಾಡಿಗೆದಾರರನ್ನು, ಕೆಳಗಿನ ಮನೆಯವರನ್ನು ಕೇಳಿ. ನಲ್ಲಿ ತಿರುಗಿಸಿ ನೋಡಿ.

ಟೆರೇಸ್ ಮೇಲಿನ ಶೀಟ್ ಮನೆ ಅಗ್ಗ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಅದರೊಳಗೆ ಓದಲು ಆಗುವುದಿಲ್ಲ. ಒಂದೇ ಸಲ ನೋಡಿ ಒಪ್ಪಬೇಡಿ, ರಾತ್ರಿ ಒಂಬತ್ತರ ಹೊತ್ತಿಗೆ ಬಸ್ ಸ್ಟಾಪಿನಿಂದ ಮನೆಯ ತನಕ ನಡೆದು ನೋಡಿ. ಬೀದಿ ದೀಪ ಇದೆಯಾ, ಅಂಗಡಿ ತೆರೆದಿರುತ್ತಾ ಗೊತ್ತಾಗುತ್ತದೆ.

ತೋರಿಸುತ್ತಿರುವವರು ನಿಜವಾಗಿ ಓನರ್ ಹೌದಾ ಅನ್ನುವುದೂ ಮುಖ್ಯ. ತಾವೇ ಬಾಡಿಗೆಗಿದ್ದು ಒಳಬಾಡಿಗೆಗೆ ಕೊಡುವವರಿದ್ದಾರೆ. ಕರೆಂಟ್ ಬಿಲ್ ಅಥವಾ ಮನೆ ಕಂದಾಯದ ರಸೀದಿ ತೋರಿಸಿ ಅಂತ ವಿನಯದಿಂದ ಕೇಳಿ. ಸರಿಯಾದ ಓನರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಾಡಿಗೆಗಿದ್ದರೂ ಗೃಹಜ್ಯೋತಿಯ ಉಚಿತ ಕರೆಂಟ್ ಸಿಗುತ್ತಾ?

ಸಿಗುತ್ತೆ, ನಿಮ್ಮ ಮನೆಗೆ ಬೆಸ್ಕಾಂನ ಪ್ರತ್ಯೇಕ ಮೀಟರ್ ಇದ್ದರೆ. ಬಿಲ್ ಮೇಲಿನ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಿ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆ ತೆಗೆಸಿರಬೇಕು, ಇದನ್ನು ಅವರು ಹೊರಡುವ ಮೊದಲೇ ಕೇಳಿ. ನೀವು ಖಾಲಿ ಮಾಡುವಾಗಲೂ ತೆಗೆಸಿಕೊಳ್ಳಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಓನರ್ ಹಾಕಿಸಿದ ಸಬ್ ಮೀಟರ್ ಇದ್ದರೆ ಯೂನಿಟ್‌ಗೆ ಎಷ್ಟು ಅಂತ ಮೊದಲೇ ಮಾತಾಡಿ.

ಅಗ್ರಿಮೆಂಟ್ ಯಾಕೆ 11 ತಿಂಗಳಿಗೇ ಮಾಡುತ್ತಾರೆ?

1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. ಇ-ಸ್ಟಾಂಪ್ ಪೇಪರ್ ಮೇಲೆ ಮಾಡುತ್ತಾರೆ.

ಸಹಿ ಹಾಕುವ ಮೊದಲು ಪೂರ್ತಿ ಓದಿ. ಅಡ್ವಾನ್ಸ್ ಮೊತ್ತ, ಅದನ್ನು ಎಷ್ಟು ದಿನದೊಳಗೆ ವಾಪಸ್ ಕೊಡುತ್ತಾರೆ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ನೋಟಿಸ್ ಎಷ್ಟು ತಿಂಗಳು, ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ನೀರು ಮತ್ತು ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯಾ. ಇವು ಬಾಯಿಮಾತಿನಲ್ಲಿ ಉಳಿಯಬಾರದು. ಪೇಂಟಿಂಗ್ ಬಗ್ಗೆ ಏನೂ ಬರೆಯದಿದ್ದರೆ ಕೊನೆಗೆ ಅವರು ಹೇಳಿದ್ದೇ ಲೆಕ್ಕವಾಗುತ್ತದೆ. ಮನೆ ಮಾಡುವ ಎಲ್ಲ ಗೆಳೆಯರ ಹೆಸರೂ ಅಗ್ರಿಮೆಂಟ್‌ನಲ್ಲಿರಲಿ.

ಅಡ್ವಾನ್ಸ್ ಅನ್ನು ಬ್ಯಾಂಕ್ ಖಾತೆಯಿಂದಲೇ ಕೊಡಿ. ‘ಕ್ಯಾಶ್ ಕೊಟ್ಟರೆ ಸ್ವಲ್ಪ ಕಡಿಮೆ ಮಾಡ್ತೀನಿ’ ಅಂದರೆ ಒಪ್ಪಬೇಡಿ. ಮನೆಗೆ ಹೋದ ದಿನವೇ ಗೋಡೆಯ ತೇವ, ಒಡೆದ ಟೈಲ್ಸ್, ಕೆಟ್ಟ ಗೀಸರ್, ಎಲ್ಲದರ ವಿಡಿಯೊ ಮಾಡಿ ಓನರ್‌ಗೆ ಕಳಿಸಿ. ಖಾಲಿ ಮಾಡುವ ದಿನ ಆ ವಿಡಿಯೊ ನಿಮ್ಮ ಪರವಾಗಿ ಮಾತಾಡುತ್ತದೆ.

ಪಿಜಿಯಲ್ಲಿ ಏನು ನೋಡಬೇಕು?

2024ರ ಆಗಸ್ಟ್‌ನಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಕಾವಲು ಸಿಬ್ಬಂದಿ, ಅಡುಗೆ ಮನೆ ಇದ್ದರೆ ಆಹಾರ ಸುರಕ್ಷತೆಯ ಪರವಾನಗಿ. ಒಳಗೆ ಹೋದಾಗ ಇದನ್ನು ಮನಸ್ಸಿನಲ್ಲಿಟ್ಟು ನೋಡಿ. ಮಂಚಗಳ ನಡುವೆ ನಡೆಯಲೂ ಜಾಗ ಇಲ್ಲದಿದ್ದರೆ, ಹೊರಗೆ ಹೋಗಲು ಒಂದೇ ಇಕ್ಕಟ್ಟಿನ ಮೆಟ್ಟಿಲಿದ್ದರೆ ಬೇರೆ ಕಡೆ ನೋಡಿ. ಸೇರುವ ಮೊದಲು ಒಂದು ಹೊತ್ತು ಅಲ್ಲೇ ಊಟ ಮಾಡಿ.

ಜಿಎಸ್‌ಟಿ ಅಂತ ಸೇರಿಸಿದರೆ ಕೇಳಿ. ತಿಂಗಳಿಗೆ ತಲೆಗೆ ₹20,000ದ ಒಳಗಿದ್ದು, ಸತತ 90 ದಿನ ಇರುವವರಿಗೆ 2024ರ ಜುಲೈಯಿಂದ ವಿನಾಯಿತಿ ಇದೆ. ಲಾಕ್-ಇನ್ (ನಡುವೆ ಬಿಟ್ಟು ಹೋಗುವಂತಿಲ್ಲದ ಅವಧಿ) ಎಷ್ಟು ತಿಂಗಳು, ಊರಿಗೆ ಹೋದ ತಿಂಗಳು ಊಟದ ದುಡ್ಡು ಕಡಿತ ಇದೆಯಾ ಅನ್ನುವುದನ್ನೂ ಬರೆಸಿಕೊಳ್ಳಿ.

ಗ್ಯಾಸ್ ಕನೆಕ್ಷನ್ ಹೇಗೆ?

5 ಕೆ.ಜಿ.ಯ ಚಿಕ್ಕ ಸಿಲಿಂಡರ್ ತೆಗೆದುಕೊಳ್ಳಿ. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಬೀದಿಯಲ್ಲಿ ಗ್ಯಾಸ್ ತುಂಬಿಸಿಕೊಡುವವರ ಹತ್ತಿರ ಹೋಗಬೇಡಿ, ಅದು ಅಪಾಯ.

ರೂಮ್‌ಮೇಟ್ ನಡುವೆಯೇ ಬಿಟ್ಟು ಹೋದರೆ?

ಮನೆ ಮಾಡುವ ದಿನವೇ ಮಾತಾಡಿಕೊಳ್ಳಿ. ಬಿಟ್ಟು ಹೋಗುವವರು ತಮ್ಮ ಜಾಗಕ್ಕೆ ಒಬ್ಬರನ್ನು ಹುಡುಕಿಕೊಡಬೇಕು, ಹೊಸಬರು ಕೊಡುವ ಪಾಲನ್ನು ಅವರು ಪಡೆದು ಹೋಗಬೇಕು. ಓನರ್ ಹತ್ತಿರ ಇರುವ ಅಡ್ವಾನ್ಸ್ ಮುಟ್ಟಬಾರದು. ಯಾರು ಎಷ್ಟು ಹಾಕಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹೊಸಬರು ಬರುವುದನ್ನು ಓನರ್‌ಗೆ ತಿಳಿಸಿಯೇ ಮಾಡಿ.

ಖಾಲಿ ಮಾಡುವಾಗ ಅಡ್ವಾನ್ಸ್ ವಾಪಸ್ ಕೊಡದಿದ್ದರೆ?

ಈ ಸಮಸ್ಯೆ ಬರದ ಹಾಗೆ ಮಾಡುವ ಒಂದು ದಾರಿ ಇದೆ. ನೋಟಿಸ್ ಕೊಡುವಾಗಲೇ, ಕೊನೆಯ ಒಂದೆರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ ಅಂತ ಓನರ್ ಹತ್ತಿರ ಕೇಳಿ. ತುಂಬ ಜನ ಒಪ್ಪುತ್ತಾರೆ, ಒಟ್ಟಿಗೆ ದೊಡ್ಡ ಮೊತ್ತ ಹೊಂದಿಸುವುದು ಅವರಿಗೂ ಕಷ್ಟ. ಒಪ್ಪಿದ್ದನ್ನು ಮೆಸೇಜಿನಲ್ಲಿ ಹಾಕಿಸಿಕೊಳ್ಳಿ. ಅವರು ಒಪ್ಪದೆ ನೀವೇ ಬಾಡಿಗೆ ನಿಲ್ಲಿಸಬೇಡಿ.

ನೋಟಿಸನ್ನು ಬರವಣಿಗೆಯಲ್ಲೇ ಕೊಡಿ. ಅಗ್ರಿಮೆಂಟ್‌ನಲ್ಲಿ ಎರಡು ತಿಂಗಳು ಅಂತಿದ್ದರೆ ಎರಡು ತಿಂಗಳು. ಯಾವ ಕರಾರೂ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಅಂತ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಹೇಳುತ್ತದೆ. ಕೀಲಿ ಕೊಡುವ ದಿನ ಮನೆ ತೊಳೆದು, ಕರೆಂಟ್ ಬಿಲ್ ಕಟ್ಟಿ, ಮತ್ತೆ ವಿಡಿಯೊ ಮಾಡಿ. ಎಲ್ಲ ಲೆಕ್ಕ ಅಲ್ಲೇ ಕೂತು ಮುಗಿಸಿ.

‘ಮುಂದಿನ ಬಾಡಿಗೆಯವರು ಬಂದ ಮೇಲೆ ಕೊಡ್ತೀನಿ’ ಅಂದರೆ ತಾರೀಕು ಬರೆಸಿಕೊಳ್ಳಿ. ಆ ತಾರೀಕು ದಾಟಿದರೆ ಅಪ್ಪ ಅಮ್ಮನಿಂದ ಒಮ್ಮೆ ಫೋನ್ ಮಾಡಿಸಿ, ಆಮೇಲೆ ವಕೀಲರ ನೋಟಿಸ್. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಬಿಟ್ಟುಬಿಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ, ಕಡಿಮೆ ಆದಾಯದ ಉಳಿದವರಿಗೂ ಸಿಗುತ್ತದೆ. ಸಹಾಯವಾಣಿ 15100. ಕೋರ್ಟಿಗೆ ಹೋಗುವ ಮೊದಲೇ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಅಲ್ಲಿದೆ. ಹೋಗುವಾಗ ಅಗ್ರಿಮೆಂಟ್, ಅಡ್ವಾನ್ಸ್ ಹೋದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ನೋಟಿಸ್‌ನ ಪ್ರತಿ, ವಾಟ್ಸ್‌ಆ್ಯಪ್ ಮಾತುಕತೆಯ ಪ್ರಿಂಟ್ ಜೊತೆಗಿರಲಿ.